ಕಾವ್ಯಶ್ರೀ ಬಂತು

ಊಟ ಬಲ್ಲವನಿಗೆ ರೋಗವಿಲ್ಲ, ವ್ಯಾಕರಣ ಬಲ್ಲವನಿಗೆ ಮದುವೆಯಿಲ್ಲ. ಗಾದೆ ಹಾಗಿಲ್ಲ ಅಂತೀರಾ? ಇರಲಿ, ಕಥೆಯಾದರೂ ಖರೆ. ತೊಂಬತ್ತೊಂಬತ್ತರಲ್ಲಿ ಶಿರಸಿಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ನಡೆದದ್ದು.

ಬನವಾಸಿ ಕಡೆಯ ಕಾವ್ಯಶ್ರೀಗೆ ಆ ಲ್ಯಾಬೆಂದರೆ ಹೇಸಿಗೆ. ಚಪ್ಪಲಿ, ಶೂ ಬಾಗಿಲಲ್ಲೇ ಬಿಚ್ಚಿಡಬೇಕು. ಒಳಗೆ ಎಸಿಯ ತಂಪಿನಲ್ಲಿ ಒದ್ದೆ ಸಾಕ್ಸುಗಳ ವಾಸನೆ ಮೊಸರಿನಂತೆ ಹೆಪ್ಪುಗಟ್ಟಿರುತ್ತಿತ್ತು. ಕೀಬೋರ್ಡಿಗೆ ಯಾರದೋ ಮಿರ್ಚಿ ಬಜ್ಜಿಯ ಎಣ್ಣೆ.

ಇವೆಲ್ಲಕ್ಕಿಂತ ದೊಡ್ಡ ಹೇಸಿಗೆ ಅವಳ ಪ್ರಾಜೆಕ್ಟಿನ ಜೊತೆಗಾರ, ವಾನಳ್ಳಿಯ ಚಿರಂತನ. ಅವಳು ಮೂಗು ಮುಚ್ಚಿ "ಯಾಕ್" ಅಂದರೆ ಸಾಕು, "ಅದನ್ನೇ ಓಪನ್ ಮಾಡ್ತಾ ಇದ್ದೆ" ಅನ್ನುತ್ತಿದ್ದ.

‘ಯಾಕ್’ ಎಂಬುದು ಅವರ ಟೂಲಿನ ಹೆಸರು. ಭಾಷೆಯ ನಿಯಮ ಬರೆದು ಕೊಟ್ಟರೆ, ವಾಕ್ಯವನ್ನು ಬಿಡಿಸಿ ಮರದಂತೆ ಕವಲೊಡೆಸುವ ಪ್ರೋಗ್ರಾಮನ್ನು ಅದು ತಾನೇ ಹೆರುತ್ತದೆ. ಆ ಮರದ ಗೆಣ್ಣುಗೆಣ್ಣಿಗೂ ಲಿಂಗ, ವಚನ ಮುಂತಾದ ಗುಣಗಳನ್ನು ಕಟ್ಟಬೇಕು. ಕೆಲವು ಗುಣ ಪದದಿಂದ ಮೇಲಕ್ಕೆ ಏರುತ್ತವೆ, ಕೆಲವು ಮೇಲಿನಿಂದ ಪದಕ್ಕೆ ಇಳಿಯುತ್ತವೆ. ಹೀಗೆ ಇಬ್ಬರೂ ಸೇರಿ ಕನ್ನಡ ವಾಕ್ಯಗಳಿಗೊಂದು ಪುಟ್ಟ ಕಂಪೈಲರ್ ಕಟ್ಟುತ್ತಿದ್ದರು.

ನಡುನಡುವೆ ಅವನು ಗೈಡ್ ರಘುಪತಿ ಸರ್ ಕೆಮ್ಮುವುದನ್ನೂ ಯಲ್ಲಾಪುರ ಬಸ್ಸಿನ ಕಂಡಕ್ಟರ್ ಕೂಗುವುದನ್ನೂ ಅಣಕಿಸುತ್ತಿದ್ದ. ಆಗ ಅವನ ಎಡಗೆನ್ನೆಯಲ್ಲಿ ಬೀಳುವ ಗುಳಿಯನ್ನು ಕದ್ದು ನೋಡಿ, ಕಾವ್ಯಶ್ರೀಗೆ ತನ್ನ ಮೇಲೇ ಹೇಸಿಗೆಯಾಗುತ್ತಿತ್ತು.

ಸರ್ ಪ್ರಾಜೆಕ್ಟ್ ನೋಡಲು ಬಂದ ದಿನ ಅವಳು ‘ಕಾವ್ಯಶ್ರೀ ಬಂದಳು’ ಎಂದು ಟೈಪಿಸಿದಳು. ಪರದೆ ಉತ್ತರಿಸಿತು: ‘ತಪ್ಪು. ಕಾವ್ಯಶ್ರೀ ಬಂತು ಎನ್ನಿ.’

"ಬಂತು ಅನ್ನಾಕ ನಾನೇನು ಬಸ್ಸೇನ್ರಿ?"

ಆ ನಿಯಮ ಬರೆದಿದ್ದ ಚಿರಂತನನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಮೈಯೆಲ್ಲ ಉರಿಯಿತು. ಹೆಂಗಸರನ್ನು ದನಕರುಗಳ ಸಾಲಿಗೆ ಸೇರಿಸುವ ಇವನೊಂದಿಗೆ ಇನ್ನೊಂದು ದಿನವೂ ಕೂರಲಾರೆ, ಬೇರೆ ಜೊತೆ ಕೊಡಿ ಎಂದು ಸರ್‌ಗೆ ಅಲ್ಲೇ ಹೇಳಿಬಿಟ್ಟಳು.

ಚಿರಂತನನ ಗುಳಿ ಮಾಯವಾಯಿತು.

ಸರ್ ಕೆಮ್ಮಿ, ಕಸ ಗುಡಿಸುವ ಪಾರ್ವತವ್ವನ ಹೆಸರಿನ ಮುಂದೆ ‘ಬಂತು’ ಎಂದು ಟೈಪಿಸಿದರು. ಯಂತ್ರ ಒಪ್ಪಲಿಲ್ಲ, ‘ಬಂದರು’ ಎನ್ನಿ ಎಂದಿತು. ಪಕ್ಕದಲ್ಲೇ ಕೂತಿದ್ದ ಕ್ಲಾಸಿನ ನಮಿತಾ, ಅಭಿಜ್ಞಾ ಇಬ್ಬರಿಗೂ ಅದೇ ಮರ್ಯಾದೆ. ‘ಬಂತು’ ಆದದ್ದು ಕಾವ್ಯಶ್ರೀ ಒಬ್ಬಳೇ.

"ಇದು ಪದದಿಂದ ಏರಿದ ಗುಣ ಅಲ್ಲವಲ್ಲೋ, ಮೇಲಿಂದ ಇಳಿದದ್ದು," ಸರ್ ಹುಬ್ಬು ಗಂಟಿಕ್ಕಿದರು. "ಎಲ್ಲಿಂದ ಇಳೀತು?"

"ಮನೆಯಿಂದ, ಸರ್." ಚಿರಂತನ ನೆಲ ನೋಡುತ್ತಿದ್ದ. ಅಣಕದ ದನಿಗಳೆಲ್ಲ ಕೈಕೊಟ್ಟು, ಹುಟ್ಟಿದ ಮನೆಯ ಮಾತೊಂದೇ ಬಾಯಲ್ಲಿ ಉಳಿದಿತ್ತು. "ಹೊರಗಿನವಕ್ಕೆ ಎಂಗ ‘ಬಂದ್ರು’ ಹೇಳ್ತ್ಯ. ನಮ್ಮನೇದು ಹೇಳಿ ಕಂಡ್ರೆ ಮಾತ್ರ ‘ಬಂತು’."

"ಮನೆಯವಳು ಅನಿಸಿದವಳಿಗೆ ಮಾತ್ರ ‘ಬಂತು’ ಅನ್ನು," ಸರ್ ಕೆಮ್ಮಿದರು.

ಕಾವ್ಯಶ್ರೀ ದುಪಟ್ಟಾದ ಅಂಚಿನಿಂದ ಕೀಬೋರ್ಡಿನ ಎಣ್ಣೆ ಒರೆಸಿದಳು. ವ್ಯಾಕರಣಕ್ಕೆ ಒಂದು ನಿಯಮ ಸೇರಿಸಿ ಮತ್ತೆ ಯಾಕ್ ಓಡಿಸಿದಳು. ಕೀಬೋರ್ಡನ್ನು ಅವನತ್ತ ತಳ್ಳಿದಳು. "ನಿಮ್ಮ ಹೆಸರು ಹೊಡೀರಿ."

ಅವನು ‘ಚಿರಂತನ ಬಂದನು’ ಎಂದು ಟೈಪಿಸಿದ.

‘ತಪ್ಪು. ಈ ಹೆಸರು ಬಾಯಲ್ಲಿ ಹೇಳಬಾರದು.’

ಅವನ ಮುಖ ಸುಣ್ಣವಾಯಿತು. "ಅಷ್ಟು ಹೇಸಿಗೆನಾ?" ಎಂದು ಮೆಲ್ಲಗೆ ಕೇಳಿ, ಉತ್ತರಕ್ಕೂ ಕಾಯದೆ ಬಾಗಿಲ ಬಳಿ ಹೋಗಿ ಬಗ್ಗಿ ಚಪ್ಪಲಿ ಹುಡುಕತೊಡಗಿದ. ಬಲಗಾಲಿಗೆ ಇನ್ಯಾರದೋ ಚಪ್ಪಲಿ ಸಿಕ್ಕಿಸುವವರೆಗೂ ಅವಳು ಬೇಕೆಂದೇ ಸುಮ್ಮನಿದ್ದಳು.

ಈ ನಿಯಮಕ್ಕೆ ಆಧಾರವೇನಮ್ಮಾ ಎಂದು ರಘುಪತಿ ಸರ್ ಕೇಳಿದರು.

ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ. ಕಿವಿ ಮಾತ್ರ ಕೆಂಪಗಾಗಿತ್ತು. "ನಮ್ಮ ಕಡೆ ಗಂಡನ ಹೆಸರು ಹೇಳಂಗಿಲ್ರಿ, ಸರ್."

ಸರ್ ಕೆಮ್ಮಿನಲ್ಲಿ ನಗು ನುಂಗಿದರು. ನಮಿತಾ, ಅಭಿಜ್ಞಾ ಬಾಯಿ ಮುಚ್ಚಿಕೊಂಡು ನಕ್ಕರು. ಚಪ್ಪಲಿ ರಾಶಿಯ ನಡುವೆ ಕುಕ್ಕರಿಸಿದ್ದ ಚಿರಂತನನೋ, ಕಾರಿಡಾರಿನಲ್ಲಿದ್ದ ಪಾರ್ವತವ್ವ ಪೊರಕೆ ಬಿಟ್ಟು ಓಡಿಬರುವಷ್ಟು ಜೋರಾಗಿ ನಗುತ್ತಿದ್ದ.