ಬಳ್ಳಿ ತಬ್ಬಿದ ಫಲಕ

ಅಂದು ಬೆಳಗ್ಗೆ ಮಾಕಳಿಯ ಮೇಲೆ ಮಂಜು ಹಾಲಿನ ಕೆನೆಯಂತೆ ಕಟ್ಟಿತ್ತು. ತುಮಕೂರು ರಸ್ತೆಯ ಲಾರಿಗಳ ಸದ್ದು ಕೇಳುತ್ತಿತ್ತೇ ಹೊರತು ಲಾರಿ ಕಾಣುತ್ತಿರಲಿಲ್ಲ. ಸೋಮವಾರದ ಪೂಜೆ ಮುಗಿಸಿ ರುದ್ರಮ್ಮ ಆರತಿತಟ್ಟೆ ಕೆಳಗಿಡುವಷ್ಟರಲ್ಲಿ ಅಣ್ಣನ ಮಗಳು ಲಾವಣ್ಯ ಓಡಿಬಂದಳು.

"ಅತ್ತೇ, ಬೋರ್ಡ್ ಇಲ್ಲ! ಈಗ ತಾನೆ ಇತ್ತು!"

ರುದ್ರಮ್ಮನ ತಂದೆ ಬರೆಸಿದ ತಗಡಿನ ಫಲಕ ಅದು. 'ಇಲ್ಲಿ ಮಧುನಾಶಿನಿ ಸೊಪ್ಪು ಸಿಗುತ್ತದೆ.' ಕೆಳಗೆ ಇಸವಿ. ಪಕ್ಕದ ಶೆಡ್ಡಿನಲ್ಲಿ ಲಾವಣ್ಯ ಆ ಸೊಪ್ಪನ್ನೇ ಒಣಗಿಸಿ, ಪುಡಿಮಾಡಿ ಮಾರುತ್ತಾಳೆ. ಈಗ ವಿದೇಶದ ಕಂಪನಿಯೊಂದು ಆ ಹೆಸರೇ ತನ್ನ ಟ್ರೇಡ್‌ಮಾರ್ಕ್ ಎಂದು ತಕರಾರು ತೆಗೆದಿದೆ. ಮಧ್ಯಾಹ್ನ ವಿಚಾರಣೆ. ಹೆಸರು ಮೊದಲಿಂದಲೂ ಇಲ್ಲಿಯದೇ ಎಂದು ತೋರಿಸಲು ಮೂಲ ಫಲಕವನ್ನೇ ತನ್ನಿ ಎಂದಿದ್ದರು ವಕೀಲರು. ಫಲಕ ಹೋದರೆ ಹೆಸರೂ ಹೋದಂತೆ, ಹೊಟ್ಟೆಪಾಡೂ.

ರುದ್ರಮ್ಮ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಿಂದ ನಿವೃತ್ತರಾದವರು. ಅವರ ಕಣ್ಣು ಮಾತ್ರ ನಿವೃತ್ತವಾಗಿರಲಿಲ್ಲ.

"ಅಳ್ಬೇಡ ಕಣೇ. ಶಿವ ಇದ್ದಾನೆ. ನಡಿ, ನೋಡೋಣ."

*

ಗೇಟಿನ ಕಂಬಕ್ಕೆ ಏಣಿ ಒರಗಿತ್ತು. ಫಲಕವನ್ನು ತಬ್ಬಿದ್ದ ಮಧುನಾಶಿನಿಯ ಎಳೆ ಕುಡಿಗಳು ತುಂಡಾಗಿ ನೇತಾಡುತ್ತಿದ್ದವು. ಕತ್ತರಿಯ ಗುರುತಿಲ್ಲ. ಎಲೆ, ದಂಟು ಜಜ್ಜಿಹೋಗಿವೆ. ರಸ ಇನ್ನೂ ಹಸಿ. ರುದ್ರಮ್ಮ ಸಣ್ಣಗೆ ನಕ್ಕರು.

ಗುಜರಿ ಯಂಕಪ್ಪನ ಆಟೋ ಅಲ್ಲೇ ನಿಂತಿತ್ತು.

"ಇವನೇ ಅತ್ತೆ! ವಾರದಿಂದ ಆ ತಗಡು ಕೇಳ್ತಿದ್ದ," ಎಂದಳು ಲಾವಣ್ಯ.

"ಕದಿಯೋ ಅಂಗಿದ್ರೆ ಯಾಕವ್ವಾ ಕೇಳ್ತಿದ್ದೆ?" ಎಂದ ಯಂಕಪ್ಪ.

ಲಾವಣ್ಯಳ ಸೋದರಮಾವನ ಮಗ ವಿನಾಯಕ್ ಶೆಡ್ಡಿನಿಂದ ಹೊರಬಂದ. ಪೀಣ್ಯದಲ್ಲಿ ವೈರಿಂಗ್ ಕೆಲಸ. ಒಣಗಿಸುವ ಮೆಷಿನ್ನಿಗೆ ವೈರ್ ಎಳೆಯಲು ಬಂದಿದ್ದ.

"ಇವನ್ನ ಪೊಲೀಸ್‌ಗೆ ಕೊಡಿ ಅತ್ತೆ. ಸುಮ್ನೆ ಟೈಮ್ ವೇಸ್ಟ್."

"ಮೊದ್ಲು ಪ್ರಸಾದ ತಗೊಳ್ಳಿ. ದೇವರದ್ದು ಮುಗೀಲಿ, ಆಮೇಲೆ ಪೊಲೀಸ್ರದ್ದು."

ಎಲ್ಲರ ಕೈಗೂ ಬೆಲ್ಲದ ಚೂರು ಬಿತ್ತು. ಯಂಕಪ್ಪ ಕಣ್ಣುಮುಚ್ಚಿ ಚಪ್ಪರಿಸಿದ. "ಮಂಡ್ಯದ್ದಾ ಅಕ್ಕಾ? ಇನ್ನೊಂದ್ ಚೂರು ಆಕಿ."

ವಿನಾಯಕ್ ಮುಖ ಸಿಂಡರಿಸಿದ. "ಏನತ್ತೆ ಇದು, ಮಣ್ಣು ತಿಂದಂಗಿದೆ!"

ಲಾವಣ್ಯ ಬೆಚ್ಚಿ ಅವನನ್ನೇ ನೋಡಿದಳು.

*

"ಬೆಲ್ಲ ಚೆನ್ನಾಗೇ ಇದೆಯಪ್ಪಾ," ಎಂದರು ರುದ್ರಮ್ಮ. "ಈ ಎಲೆ ಕಚ್ಚಿದೋರಿಗೆ ಒಂದಷ್ಟು ಹೊತ್ತು ಸಿಹಿ ಗೊತ್ತಾಗಲ್ಲ. ನಮ್ಮ ಹಿರೀಕರು ನಾಲಿಗೆ ಮೇಲೆ ಇಟ್ಟು ನೋಡೇ ಆ ಹೆಸರಿಟ್ಟಿದ್ದು. ಶೆಡ್ಡಿನೋರು ಯಾರೂ ಬಳ್ಳಿಗೆ ಬಾಯಿ ಹಾಕಲ್ಲ, ಅವರಿಗೆ ಗೊತ್ತು. ನಿಂಗೆ ಗೊತ್ತಿರ್ಲಿಲ್ಲ. ಒಂದು ಕೈ ಏಣಿ ಹಿಡಿದಿತ್ತು, ಇನ್ನೊಂದು ಬೋರ್ಡ್ ಹಿಡಿದಿತ್ತು. ದಿನಾ ವೈರ್ ಸುಲಿಯೋ ಹಲ್ಲು ಬಳ್ಳೀನೂ ಸುಲೀತು."

ವಿನಾಯಕನ ತಲೆ ಬಾಗಿತು. "ಆ ಕಂಪನಿ ಏಜೆಂಟು... ಹೊಸ ಫ್ಯಾಕ್ಟರಿ ವೈರಿಂಗ್ ಪೂರ್ತಿ ನಂಗೇ ಅಂದ. ಹಳೇ ತಗಡು ತಾನೇ ಅಂದ್ಕೊಂಡೆ."

"ನನ್ ಕಳ್ಳ ಅಂದೆಯಲ್ಲಪ್ಪಾ," ಎಂದ ಯಂಕಪ್ಪ, "ತಪ್ಪುಕಾಣಿಕೆಯಾಗಿ ಆ ಬೆಲ್ಲ ಇತ್ತ ಕೊಡು!"

ಅಳುತ್ತಿದ್ದ ಲಾವಣ್ಯಳೂ ನಕ್ಕುಬಿಟ್ಟಳು. ಮಂಜು ಕರಗಿ ಬಿಸಿಲು ಇಳಿಯುತ್ತಿತ್ತು.

ವಿನಾಯಕ್ ಶೆಡ್ಡಿನೊಳಗೆ ಹೋದ. ಮೆಷಿನ್ನಿನ ಹಿಂದಿನಿಂದ ಗೋಣಿ ಸುತ್ತಿದ ಫಲಕ ತಂದ. ಅಂಟಿದ್ದ ಧೂಳನ್ನು ತೋಳಿನಿಂದ ಒರೆಸಿದ. ಲಾವಣ್ಯಳ ಕೈಗಿಟ್ಟ.