ಅಬ್ಬಾ ಹಾಕಿದ ಅಲಾರಾಂ

"ಕೆಳಗ ಇಳೀರಿ. ಮೊದ್ಲು ಅದರ ಮ್ಯಾಲಿನ ಕೈ ತಗೀರಿ."

ಕೌಸರ್ ಬಾಗಿಲಲ್ಲೇ ನಿಂತು ಹೇಳಿದಳು. ಹೆಗಲ ಮೇಲಿನ ಬ್ಯಾಗನ್ನೂ ಇಳಿಸಿರಲಿಲ್ಲ. ಮಸ್ಕಿಯ ಶಾಲೆಯಲ್ಲಿ ಪಾಠ ಮುಗಿಸಿ, ತುಂಬಿದ ಬಸ್ಸಿನಲ್ಲಿ ನಿಂತೇ ಸಿಂಧನೂರಿಗೆ ಬಂದು ಮನೆಗೆ ಕಾಲಿಟ್ಟರೆ, ನಡುಮನೆಯಲ್ಲಿ ಏಣಿಯ ಮೇಲೆ ಯಾರೋ ಅಪರಿಚಿತ! ಛಾವಣಿಯ ಆ ದುಂಡನೆಯ ಬಿಳಿ ಡಬ್ಬಿಯನ್ನು ತಿರುವಿ ಬಿಚ್ಚುತ್ತಿದ್ದಾನೆ.

ಅದು ಅವಳ ತಂದೆ, ಅಬ್ಬಾ, ತಮ್ಮ ಕೈಯಾರೆ ಕೂಡಿಸಿದ್ದು...

"ಅಮ್ಮಿನಽ ಫೋನ್ ಮಾಡಿ ಕರಿಸ್ಯಾರ್ರೀ. ನಾನು ವಾಸಿಂ, ಕರೆಂಟಿನ ಕೆಲಸದಾವ," ಎಂದ ಅವನು, ಬಿಚ್ಚಿದ ಡಬ್ಬಿ ಹಿಡಿದೇ ಇಳಿಯುತ್ತಾ.

ಅಡುಗೆಮನೆಯಿಂದ ತಾಯಿ ಮೀರಾಬಿ ಬಂದರು. "ನಾನಽ ಕರಿಸೀನಿ. ಹೊಗಿ ಇಲ್ಲ, ಬೆಂಕಿ ಇಲ್ಲ, ಸುಮ್ನ ಸುಮ್ನ ಚೀರಾಕತ್ತೈತಿ. ನನ್ನ ತಲಿ ಚಿಟ್ಟ ಹಿಡದೈತಿ."

ವಾಸಿಂ ಡಬ್ಬಿಯ ಅಂಚಿನಲ್ಲಿ ಅಚ್ಚಾಗಿದ್ದ ವರ್ಷವನ್ನು ತೋರಿಸಿದ. "ಹೊಗಿ ಅಲಾರಾಮಿಗೆ ಹತ್ತು ವರ್ಷನಽ ಅವಧಿ. ಇವುಕ್ಕ ಮುಗದು ಭಾಳ ದಿನ ಆಗೈತ್ರಿ. ಮನ್ಯಾಗಿನ ಮೂರನ್ನೂ ಬದ್ಲಿ ಮಾಡಬೇಕು."

"ಮೂರನ್ನೂ? ವ್ಯಾಪಾರ ಚಲೋ ಕಲ್ತೀರಿ."

ಅವನ ಮುಖ ಸಣ್ಣದಾಯಿತು. ಒಳಗಿನ ಧೂಳು ಒರೆಸಿ, ಡಬ್ಬಿಯನ್ನು ಮತ್ತೆ ಮೇಲೆ ಕೂಡಿಸಿ, ಮೇನ್ ಸ್ವಿಚ್ ಹಾಕಿದ. ಸಣ್ಣ ಹಸಿರು ದೀಪ ಹತ್ತಿಕೊಂಡಿತು.

"ಕರೆಂಟ್ ಬಂದೈತಿ. ಆದ್ರ ಇದರ ಮ್ಯಾಲ ಭರೋಸಾ ಇಡಬ್ಯಾಡ್ರಿ," ಎಂದವನು ಕೂಲಿಯನ್ನೂ ಕೇಳದೆ ಹೊರಟುಹೋದ.

ಕೌಸರ್‌ಳ ತಂದೆ ಜಿಲಾನಿಸಾಬ್ ಕೊಲ್ಲಿ ದೇಶದ ದಮ್ಮಾಮಿನ ಹೋಟೆಲೊಂದರಲ್ಲಿ ವೈರಿಂಗ್ ಕೆಲಸಕ್ಕಿದ್ದವರು. ಅಲ್ಲಿ ಒಂದು ಕೋಣೆಗೆ ಬೆಂಕಿ ಬಿದ್ದು, ಮಲಗಿದಲ್ಲೇ ಹೊಗೆ ಕುಡಿದು ಗೆಳೆಯನೊಬ್ಬ ಸತ್ತದ್ದನ್ನು ಕಣ್ಣಾರೆ ಕಂಡಿದ್ದರು. ಊರಿಗೆ ಬಂದು ಮನೆ ಕಟ್ಟಿಸುವಾಗ ಮೂರು ಅಲಾರಾಂ ತಂದು, ತಾವೇ ತಂತಿ ಎಳೆದು ಒಂದಕ್ಕೊಂದು ಜೋಡಿಸಿದ್ದರು. ಓಣಿಯವರು ನಕ್ಕಿದ್ದರು.

"ನಾ ಇರಲಿ ಬಿಡಲಿ ಬೇಟಿ, ಇವು ನಿಮ್ಮನ್ನ ಕಾಯ್ತಾವ," ಎಂದಿದ್ದರು ಮಗಳಿಗೆ.

ಅವರು ತೀರಿಕೊಂಡ ಮೇಲೆ ಅವರ ಅಂಗಿ, ಚಪ್ಪಲಿಗಳನ್ನೆಲ್ಲ ಕೌಸರ್ ಯಾರ್‍ಯಾರಿಗೋ ಕೊಟ್ಟಿದ್ದಳು. ಅಲಾರಾಂಗಳನ್ನು ಮಾತ್ರ... ಹೇಗೆ ಕೊಡುವುದು?

ಧೂಳು ಒರೆಸಿದ್ದಕ್ಕೋ ಏನೋ, ಆಮೇಲೆ ಅವು ಸುಮ್ಮಸುಮ್ಮನೆ ಚೀರುವುದು ನಿಂತಿತು. 'ನೋಡು, ಎಲ್ಲ ಸರಿಯಿದೆ. ಅವನು ಹೇಳಿದ್ದು ಬರೀ ವ್ಯಾಪಾರ' ಅಂದುಕೊಂಡಳು.

ಒಂದು ಸಂಜೆ ಮಸ್ಕಿಯಲ್ಲಿ ಅವಳು ಹತ್ತಿದ ಬಸ್ಸಿಗೇ ವಾಸಿಂ ಕೂಡ ಹತ್ತಿದ. ಮಾತಾಡಿಸುವುದೋ ಬೇಡವೋ ಎಂದು ಬಹಳ ಹೊತ್ತು ನಿಂತಿದ್ದು, ಕಡೆಗೆ ಕೇಳಿದ.

"ಆ ವೈರಿಂಗ್ ನಿಮ್ಮ ಅಬ್ಬಾ ಮಾಡಿದ್ದೇನ್ರೀ?"

"ಹ್ಞೂಂ. ಯಾಕ?"

"ಅಷ್ಟು ಅಚ್ಚುಕಟ್ಟು ಕೆಲಸ ನಾ ಎಲ್ಲೂ ನೋಡಿಲ್ಲ. ಕೆಲಸದ ಮ್ಯಾಲ ಭಾಳ ಜೀವ ಇದ್ದ ಮನಷ್ಯಾ ಇರಬೇಕು."

ಕೌಸರ್ ಕಿಟಕಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಭತ್ತದ ಗದ್ದೆಗಳು ಓಡುತ್ತಿದ್ದವು, ಎಲ್ಲ ಮಸುಕು ಮಸುಕು. ಅಬ್ಬಾ ಹೋದಮೇಲೆ ಅವರ ಬಗ್ಗೆ ಹೀಗೆ ಯಾರೂ ಮಾತಾಡಿರಲಿಲ್ಲ.

ಅಂದಿನಿಂದ ಅದೇ ಬಸ್ಸಿನಲ್ಲಿ ಅವರಿಬ್ಬರೂ ಮತ್ತೆ ಮತ್ತೆ ಸಿಕ್ಕರು. ಜವಳಗೇರಾದ ತನ್ನ ಮನೆಯ ಸುದ್ದಿ ಅವನು ಹೇಳಿದ, ಶಾಲೆಯ ಮಕ್ಕಳ ಸುದ್ದಿ ಇವಳು ಹೇಳಿದಳು. ಅವನು ಬಾರದ ದಿನ ಮಸ್ಕಿಯಿಂದ ಸಿಂಧನೂರಿನ ದಾರಿ ಯಾಕೆ ಇಷ್ಟು ಉದ್ದವಾಯಿತು ಎಂದು ಅವಳಿಗೇ ಆಶ್ಚರ್ಯವಾಗುತ್ತಿತ್ತು. ಅಲಾರಾಂ ಮಾತನ್ನು ಮಾತ್ರ ಅವನು ಮತ್ತೆ ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಆಮೇಲೆ ಆ ಮಧ್ಯಾಹ್ನ ಬಂತು.

ಹೋಗಿದ್ದ ಕರೆಂಟ್ ಒಮ್ಮೆಲೆ ಜೋರಾಗಿ ಬಂದು, ಫ್ರಿಜ್ಜಿನ ಹಿಂದಿದ್ದ ಸ್ಟೆಬಿಲೈಸರ್ ಒಳಗೊಳಗೇ ಸುಡಲು ಹತ್ತಿತು. ಮೀರಾಬಿ ಕೋಣೆಯಲ್ಲಿ ಮಲಗಿದ್ದರು. ಹೊಗೆ ನಡುಮನೆ ತುಂಬಿ ಕೋಣೆಗೂ ನುಗ್ಗಿತು. ಒಂದು ಅಲಾರಾಮೂ ಕೂಗಲಿಲ್ಲ. ಪಕ್ಕದ ಮನೆಯ ಮುನ್ನಿಬೀ ಕಿಟಕಿಯಿಂದ ಬರುತ್ತಿದ್ದ ಕಪ್ಪು ಹೊಗೆ ಕಂಡು, ಕೂಗಿ ಜನ ಸೇರಿಸಿ, ಬಾಗಿಲು ಒಡೆಸಿ ಅವರನ್ನು ಹೊರಗೆ ತಂದರು.

ಕೌಸರ್ ದವಾಖಾನೆಗೆ ಓಡಿ ಬಂದಾಗ ಅಮ್ಮಿಯ ಮುಖದ ಮೇಲೆ ಆಕ್ಸಿಜನ್ ಮಾಸ್ಕ್ ಇತ್ತು.

ಸುದ್ದಿ ತಿಳಿದು ವಾಸಿಂ ಕೂಡ ಬಂದ. ಅವನನ್ನು ಕಂಡದ್ದೇ ಕೌಸರ್‌ಳ ಒಳಗೆ ಏನೋ ಹರಿದುಹೋಯಿತು.

"ನಿಮ್ಮ ಕೈ ಹತ್ತೋ ಮಟಾ ಅವು ಕೂಗ್ತಿದ್ದುವು. ಒಳಗ ತಂತಿ ಕಡದು ಇಟ್ಟು ಹೋದ್ರೇನು? ನಾ ಹೊಸವು ಬ್ಯಾಡ ಅಂದೆ ಅಂತ?"

ಓಣಿಯ ಮಂದಿಯೆಲ್ಲ ಅಲ್ಲಿದ್ದರು. ವಾಸಿಂ ಅವಳನ್ನೇ ನೋಡಿದ.

"ತಪ್ಪು ನಂದಽ ಐತಿ," ಎಂದಷ್ಟೇ ಹೇಳಿ ತಿರುಗಿ ನಡೆದ.

ಒಪ್ಪಿಕೊಂಡುಬಿಟ್ಟ! ಕೌಸರ್ ಗೋಡೆಯ ಕಡೆ ತಿರುಗಿ ಅತ್ತಳು. ಯಾವುದಕ್ಕೆ ಅಳುತ್ತಿದ್ದೇನೆ, ಅಮ್ಮಿಗಾಗಿಯೋ, ಬಸ್ಸಿನ ಆ ಸಂಜೆಗಳಿಗಾಗಿಯೋ... ಅವಳಿಗೇ ತಿಳಿಯಲಿಲ್ಲ.

ಮಾತು ಊರೆಲ್ಲ ಹಬ್ಬಿತು. ವಾಸಿಂನನ್ನು ಕೆಲಸಕ್ಕೆ ಕರೆಯುವವರು ಇಲ್ಲವಾದರು. ಅವನು ಲಿಂಗಸುಗೂರಿಗೆ, ಹೊಸದಾಗಿ ಕಟ್ಟುತ್ತಿದ್ದ ಮನೆಯೊಂದರ ವೈರಿಂಗಿಗೆ ಹೋದನಂತೆ ಎಂದು ಯಾರೋ ಅಂದರು.

ಮೀರಾಬಿ ಮನೆಗೆ ಬಂದರು. ಜೀವ ಉಳಿದಿತ್ತು, ಗಂಟಲು ಮಾತ್ರ ಒಡೆದು ಹೋಗಿತ್ತು.

"ಆ ಹುಡುಗ ಅಂಥಾವ ಅಲ್ಲ," ಎಂದರು ಆ ಒಡಕು ದನಿಯಲ್ಲೇ. "ನಿಮ್ಮ ಅಬ್ಬಾ ಅಲಾರಾಮಿನ ಬಟನ್ ಒತ್ತಿ ನೋಡ್ತಿದ್ರು. ನೀನೂ ಒತ್ತಿ ನೋಡು."

ಕೌಸರ್ ಏಣಿ ಹತ್ತಿ ಬಟನ್ ಒತ್ತಿದಳು. ಮೂರೂ ಅಲಾರಾಂ ಒಟ್ಟಿಗೇ ಚೀರಿದವು!

ಹಾಗಾದರೆ ತಂತಿ ಕಡಿದಿಲ್ಲ. ಎಲ್ಲವೂ ಅಬ್ಬಾ ಜೋಡಿಸಿದ ಹಾಗೆಯೇ ಇದೆ. ಮತ್ತೆ ಅಂದು ಯಾಕೆ ಕೂಗಲಿಲ್ಲ?

ಒಂದು ಹಿಡಿ ಊದಿನಕಡ್ಡಿ ಹಚ್ಚಿ ಡಬ್ಬಿಯ ಕೆಳಗೆ ಹಿಡಿದಳು. ಹೊಗೆ ಸುತ್ತಿ ಸುತ್ತಿ ಏರಿ ಅದರೊಳಗೆ ಹೊಕ್ಕಿತು. ಹಸಿರು ದೀಪ ಉರಿಯುತ್ತಲೇ ಇತ್ತು. ಸದ್ದಿಲ್ಲ. ಇನ್ನಷ್ಟು ಹತ್ತಿರ ಹಿಡಿದಳು.

'ಕೂಗು... ಒಂದು ಸಲ ಕೂಗು.'

ಕೂಗಲಿಲ್ಲ. ಚೀರುವ ದನಿ ಉಳಿದಿತ್ತು, ಹೊಗೆಯನ್ನು ಅರಿಯುವ ಶಕ್ತಿ ಸತ್ತಿತ್ತು. ವಾಸಿಂ ಹೇಳಿದ್ದೂ ಅದನ್ನೇ. ತಾನು ಅಬ್ಬಾನ ನೆನಪನ್ನು ಕಾಪಾಡಲು ಹೋಗಿ ಅಮ್ಮಿಯನ್ನು ಕಳೆದುಕೊಳ್ಳುವುದರಲ್ಲಿದ್ದಳು. ತಪ್ಪು ತನ್ನದು, ಹೊತ್ತವನು ಅವನು...

ಅದೇ ಸಂಜೆ ಅವಳು ಮುನ್ನಿಬೀಯ ಮನೆಗೆ ಹೋಗಿ, ಕೂತಿದ್ದ ಹೆಂಗಸರ ಎದುರಿಗೆ ಎಲ್ಲವನ್ನೂ ಹೇಳಿದಳು. ಮರುದಿನ ಶಾಲೆಗೆ ರಜೆ ಹಾಕಿ, ಅವನು ಕೆಲಸ ಮಾಡುವ ಮನೆಯ ವಿಳಾಸ ಕೇಳಿಕೊಂಡು ಲಿಂಗಸುಗೂರಿನ ಬಸ್ಸು ಹತ್ತಿದಳು.

ಗಿಲಾವ್ ಆಗದ, ಇಟ್ಟಿಗೆ ಕಾಣುವ ಗೋಡೆಯ ಮುಂದೆ ವಾಸಿಂ ವೈರಿಂಗಿನ ಪೈಪು ಕೂಡಿಸುತ್ತಿದ್ದ. ಕೂದಲಿನ ತುಂಬ ಸಿಮೆಂಟಿನ ಧೂಳು. ಅವಳನ್ನು ಕಂಡು ಎದ್ದು ನಿಂತ.

"ಅಮ್ಮಿ ಹ್ಯಾಂಗದಾರ?"

ಅವನ ಮೊದಲ ಮಾತು ಅದು. ಕೌಸರ್‌ಳ ಕಣ್ಣುಗಳು ತುಂಬಿದವು.

"ಆರಾಮದಾರ. ನೀವು ತಂತಿ ಕಡದಿದ್ದಿಲ್ಲ. ನೋಡಿದೆ. ಓಣ್ಯಾಗ ಎಲ್ಲಾರಿಗೂ ಹೇಳೀನಿ... ಆದ್ರ ನೀವ್ಯಾಕ ತಪ್ಪು ನಂದು ಅಂದ್ರಿ?"

ಅವನು ಕೈಯಲ್ಲಿದ್ದ ಪೈಪನ್ನು ಕೆಳಗಿಟ್ಟ.

"ಸುಳ್ಳು ಹೇಳಲಿಲ್ರಿ. ಬಸ್ಸಿನ್ಯಾಗ ದಿನಾ ಅನಕೋತಿದ್ದೆ, ಇವತ್ತು ಹೇಳಬೇಕು, ಅವನ್ನ ತಗಿಸಬೇಕು ಅಂತ. ಹೇಳಿದ್ರ ನೀವು ಮತ್ತ ಮಾತು ಬಿಡ್ತೀರಿ ಅಂತ ಅಂಜಿದೆ. ನಿಮ್ಮ ಮಾತು ನಂಗ ಅಷ್ಟು ಬೇಕಾಗಿತ್ತು. ಅದಕ್ಕ ಬಾಯಿ ಮುಚಗೊಂಡು ಕುಂತೆ. ಅಮ್ಮಿಗೆ ಏನರ ಆಗಿದ್ರ..."

ಪ್ರೀತಿಯ ಮಾತನ್ನು ಅವಳು ಹೀಗೆ, ಇಷ್ಟು ನೋವಿನೊಳಗೆ ಕೇಳಬಹುದು ಎಂದುಕೊಂಡಿರಲಿಲ್ಲ.

"ಹೊಸವು ಹಾಕಾಕ ಬರ್ತೀರೇನು?" ಮೆಲ್ಲಗೆ ಕೇಳಿದಳು.

"ಕೆಲಸಕ್ಕ ಬರ್ತೀನಿ," ಎಂದ ಅವನು. 'ಕೆಲಸಕ್ಕೆ' ಎಂಬ ಆ ಒಂದು ಮಾತು ದಾರಿಯುದ್ದಕ್ಕೂ ಅವಳನ್ನು ಚುಚ್ಚಿತು.

ಭಾನುವಾರ ಬೆಳಿಗ್ಗೆ ಅವನು ಹೊಸ ಅಲಾರಾಂಗಳೊಂದಿಗೆ ಬಂದ. ಮೇನ್ ಸ್ವಿಚ್ ಆರಿಸಿ ಏಣಿಗೆ ಕಾಲಿಡುವಷ್ಟರಲ್ಲಿ ಕೌಸರ್ ತಡೆದಳು.

"ಹಳೇವು ನಾ ತಗೀತೀನಿ."

ಅವನು ಏಣಿ ಹಿಡಿದು ನಿಂತ. ಒಂದೊಂದನ್ನೇ ತಿರುವಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಇಳಿಸಿದಳು. ಮೂರನೆಯದನ್ನು ಇಳಿಸುವಾಗ ಅತ್ತಳು. ಅವನು ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದ.

ಛಾವಣಿಯಲ್ಲಿ ಉಳಿದ ಹಳೆಯ ಬುಡಗಳನ್ನು ಬಿಚ್ಚಿ ಹೊಸವನ್ನು ಜೋಡಿಸಿ ಅವನು ಕರೆಂಟ್ ಹಾಕಿದ. ಊದಿನಕಡ್ಡಿಯ ಹೊಗೆ ತಾಗಿದ್ದೇ ಮೂರೂ ಒಟ್ಟಿಗೆ ಕೂಗಿಕೊಂಡವು. ಮೀರಾಬಿ ಕಿವಿ ಮುಚ್ಚಿಕೊಂಡು, ಒಡಕು ದನಿಯಲ್ಲೇ ನಕ್ಕು, ಚಹಾ ಇಡಲು ಒಳಗೆ ಹೋದರು.

ಕಟ್ಟೆಯ ಮೇಲೆ ಇಬ್ಬರೇ ಕೂತರು.

"ನಂಗ ಇನ್ನೂ ಸಿಟ್ಟು ಐತ್ರಿ," ಎಂದ ವಾಸಿಂ, ನೆಲ ನೋಡುತ್ತಾ. "ಅಷ್ಟು ಮಂದಿ ಮುಂದ ಅಂದ್ರಿ."

"ಎಷ್ಟು ಐತಿ?"

"ಗೊತ್ತಿಲ್ಲ. ನಿಮ್ಮ ಮಾರಿ ನೋಡಿದ್ರ ಕಡಿಮಿ ಆಗತೈತಿ. ದವಾಖಾನಿ ನೆನಪಾದ್ರ ಮತ್ತ ಬರತೈತಿ."

"ಹಂಗಾದ್ರ... ದಿನಾ ನೋಡ್ರಿ."

ಅವನು ತಲೆಯೆತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ದಿನಾ ನೋಡಬೇಕಂದ್ರ ಜವಳಗೇರಾದಿಂದ ಹಿರ್‍ಯಾರನ್ನ ಕರಕೊಂಡು ಬರಬೇಕಾಗತೈತಿ."

"ಕರಕೊಂಡು ಬರ್‍ರಿ."

"ಸಿಟ್ಟು?"

"ಅದನ್ನೂ ಕರಕೊಂಡು ಬರ್‍ರಿ," ಎಂದಳು ಕೌಸರ್. "ಕುಂಡ್ರಾಕ ಜಾಗ ಐತಿ."