ಪರದೇಸಿಯ ರೆಕಾರ್ಡಿಂಗ್

ಮನೆ ಬಾಗಿಲಲ್ಲಿ ದೊಡ್ಡ ಬೂಟುಗಳನ್ನು ಕಂಡಾಗಲೇ ಟೀಚರಿಗೆ ಅನುಮಾನ ಹುಟ್ಟಿತು.

ಅವಳು ವಿಶ್ವವಿದ್ಯಾಲಯದಲ್ಲಿ ಹೊರದೇಶದವರಿಗೆ ಭಾಷೆ ಕಲಿಸುವವಳು. ಬೂಟಿನವನು ಅವಳ ವಿದ್ಯಾರ್ಥಿ, ಆಡುಮಾತಿನ ಮೇಲೆ ಸಂಶೋಧನೆಗೆ ಬಂದವನು. ಒಳಗೆ ಅಮ್ಮನ ಹೊಲಿಗೆ ಮಷೀನಿನ ಪಕ್ಕ ಕೂತು ಗುಂಡಿ ಹಚ್ಚುತ್ತಿದ್ದ. ಅವಳನ್ನು ಕಂಡೊಡನೆ ರೆಕಾರ್ಡರ್ ಆರಿಸಿ ಜೇಬಿಗಿಳಿಸಿದ.

"ಯಾಕೆ ಆಫ್ ಮಾಡಿದ್ರಿ?"

"ಸುಮ್ಮನೆ, ಟೀಚರ್."

ಆ ಪದ ಕಲಿಸಿದವಳು ಅವಳೇ. ಅದರ ಹಿಂದೆ ಏನೆಲ್ಲ ಬಚ್ಚಿಡಬಹುದೆಂದು ಅವಳಿಗೆ ಗೊತ್ತಿಲ್ಲವೇ?

ಅವನು ಹೋದ ಮೇಲೆ ಅಮ್ಮ ನಕ್ಕಳು. "ಪರದೇಸಿ ಬರೋಕೆ ಶುರುವಾಗಿ ತಿಂಗಳಾಯ್ತು. ನನ್ನ ಬೈಗುಳ ಅಂದ್ರೆ ಅವನಿಗೆ ಪ್ರಾಣ ಕಣೆ. ಸಹಿ ಹಾಕಿಸ್ಕೊಂಡೇ ರೆಕಾರ್ಡ್ ಮಾಡ್ತಾನೆ."

"ಬೆಳ್ಳಗಿರೋದೆಲ್ಲ ಹಾಲಲ್ಲಮ್ಮ. ಕೆಲಸ ಮುಗಿದ ಮೇಲೆ ಹೊರಟುಹೋಗ್ತಾನೆ."

"ಹೋದ್ರೆ ನಿನಗ್ಯಾಕೆ ಹೊಟ್ಟೆಉರಿ?"

ತರಗತಿಯಲ್ಲಿ ಅವನು ಅವಳ ತುಟಿ ನೋಡಿದರೆ ಉಚ್ಚಾರಣೆ ಕಲಿಯುತ್ತಿದ್ದಾನೆ ಅನ್ನಬಹುದಿತ್ತು. ಆದರೆ ನೋಟ ಮೆಲ್ಲಗೆ ಕಣ್ಣಿಗೇರುತ್ತಿತ್ತು. ಅವಳ ಎದೆ ಢವಗುಟ್ಟುತ್ತಿತ್ತು. ತನ್ನ ಎದೆಯ ಮೇಲೂ ನಂಬಿಕೆ ಹೋಗಿ, ಮರುದಿನ ಅವಳು ಅವನ ಮೇಲೆ ದೂರು ಬರೆದು ವಿಭಾಗದ ಮುಖ್ಯಸ್ಥರ ಮುಂದಿಟ್ಟಳು.

"ಏನೋ ಮುಚ್ಚಿಡ್ತಿದ್ದಾರೆ ಸರ್."

"ರೆಕಾರ್ಡಿಂಗ್ ಒಂದಿಷ್ಟೂ ಕತ್ತರಿಸದೆ ಲ್ಯಾಬಿಗೆ ಕೊಟ್ಟಿದ್ದಾರಲ್ಲಮ್ಮ. ಅವರಿಗೆ ಗೊತ್ತಿಲ್ಲ, ಪರಿಶೀಲಿಸೋರಲ್ಲಿ ನೀವೂ ಒಬ್ರು. ಮೊದಲು ಕೇಳಿ."

ಹೆಡ್‌ಫೋನಿನಲ್ಲಿ ಮಷೀನಿನ ಕಟಕಟ. ನಡುವೆ ಅಮ್ಮನ ದನಿ.

"ಗೋಡೆ ಮೇಲಿರೋ ಮಗಳ ಫೋಟೊ ಎಷ್ಟು ಸಲ ನೋಡ್ತೀಯೋ? ಅವಳ ಮೇಲೆ ಮನಸ್ಸಿದೆಯಾ?"

ಕಟಕಟ ನಿಂತಿತು.

"ಇದೆ ಅಮ್ಮ. ಆದರೆ ಅವರು ನನಗೆ ಅಂಕ ಹಾಕುವವರು. ಈಗ ಹೇಳಿದರೆ ಅಂಕಕ್ಕಾಗಿ ಎಂದುಕೊಳ್ಳುತ್ತಾರೆ. ಪರೀಕ್ಷೆ ಮುಗಿಯಲಿ."

"ಆಮೇಲೂ ನಂಬಲ್ಲ. ಅನುಮಾನದ ಪಿಂಡ ಅದು!"

"ಅನುಮಾನದ... ಪಿಂಡ. ಬರೆದುಕೊಳ್ಳುತ್ತೇನೆ."

ಅವಳಿಗೆ ನಗುವೂ ಬಂತು, ನಾಚಿಕೆಯೂ ಆಯಿತು. ಮುಖ್ಯಸ್ಥರ ಕೋಣೆಗೆ ಹೋಗಿ ದೂರನ್ನು ವಾಪಸ್ ಪಡೆದು ಹರಿದಳು. "ಅವರ ಪರೀಕ್ಷೆ ಬೇರೆಯವರಿಗೆ ವಹಿಸಿ ಸರ್, ನನ್ನಿಂದಾಗಲ್ಲ" ಎಂದು ಬರೆದೂ ಕೊಟ್ಟಳು.

ವರಾಂಡದಲ್ಲಿ ಸಿಕ್ಕ ಅವನಿಗೆ ಅದನ್ನು ಹೇಳಿದಾಗ ಅವನ ಮುಖ ಸಪ್ಪಗಾಯಿತು. ಈಗ ಅನುಮಾನಿಸುವ ಸರದಿ ಅವನದು.

"ಯಾಕೆ ಟೀಚರ್? ನಾನು ಫೇಲಾ?"

"ನಿಮ್ಮ ಮೇಲೆ ದೂರು ಬರೆದಿದ್ದೆ. ತಪ್ಪಾಯ್ತು. ಆಮೇಲೆ ಲ್ಯಾಬಿನಲ್ಲಿ ಎಲ್ಲಾ ಕೇಳಿಸ್ಕೊಂಡೆ." ಅವಳು ಉಸಿರೆಳೆದುಕೊಂಡಳು. "ಇನ್ನು ನಿಮಗೆ ಅಂಕ ಹಾಕೋಳು ನಾನಲ್ಲ. ಹೇಳೋದಿದ್ರೆ ಹೇಳಿ."

ಕಲಿತಿದ್ದ ವ್ಯಾಕರಣವೆಲ್ಲ ಆ ಹೊತ್ತಿಗೆ ಕೈಕೊಟ್ಟಿತು.

"ನಾನು ನಿಮ್ಮನ್ನು ಪ್ರೀತಿಸುತ್ತಾನೆ."

"ಪ್ರೀತಿಸುತ್ತೇನೆ," ಎಂದು ಅವಳು ಅಭ್ಯಾಸಬಲದಿಂದ ತಿದ್ದಿದಳು.

ಅವನ ಕಣ್ಣರಳಿತು. "ನೀವೂನಾ?"

ಈ ಸಲ ಅವಳು ತಿದ್ದಲು ಹೋಗಲಿಲ್ಲ.

"ಹೂಂ," ಅಂದಳು. "ನಾನೂ."